ಕಡತದಿಂದ ಕ್ಲೌಡ್‌ಗೆ: ಹುಬ್ಬಳ್ಳಿ ಪೇಟೆಯ ಲೆಕ್ಕ ಪರಂಪರೆಯ ಸ್ಥಿತ್ಯಂತರ

ಜಾನಪದವೆಂದರೆ ಹಳ್ಳಿಯ ಹಾಡು, ಕತೆ, ಕುಣಿತ, ಒಗಟುಗಳ ಸಂಗ್ರಹವೆಂಬ ತಿಳಿವಳಿಕೆ ಕರ್ನಾಟಕದ ವಿದ್ವತ್ ವಲಯದಲ್ಲಿ ಬಹುಕಾಲ ಗಟ್ಟಿಯಾಗಿ ನಿಂತಿತ್ತು. ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ 1960ರ ದಶಕದಲ್ಲಿಯೇ, ಕನಿಷ್ಠ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು 'ಜನಪದ'ವೆನಿಸಿಕೊಳ್ಳಬಲ್ಲುದೆಂದು ವಾದಿಸಿದ್ದರು. 1975ರಲ್ಲಿ ಅವರು ಕಾರ್ಲ್ ಪ್ಯಾಗ್ಟರ್ ಜೊತೆಗೂಡಿ, ಕಚೇರಿಗಳ ನಕಲುಯಂತ್ರದ ಮೂಲಕ ಕೈಯಿಂದ ಕೈಗೆ ದಾಟುತ್ತಿದ್ದ ಹಾಸ್ಯದ ಚೀಟಿ, ವ್ಯಂಗ್ಯಚಿತ್ರಗಳನ್ನು ನಗರ ಜಾನಪದದ ಸಾಮಗ್ರಿಯಾಗಿ ಪ್ರಕಟಿಸಿದರು. ಈ ವಿಸ್ತರಣೆಯ ನಂತರವೂ ಕನ್ನಡದ ವೃತ್ತಿ ಜಾನಪದದ ಅಧ್ಯಯನಗಳು ಕುಂಬಾರ, ಕಮ್ಮಾರ, ನೇಕಾರ, ಮೇದಾರರ ಕಸುಬುಗಳತ್ತ ಒಲಿದಷ್ಟು ಪೇಟೆಯ ವ್ಯಾಪಾರಿ, ದಲಾಲ, ಗುಮಾಸ್ತರ ಕಡೆಗೆ ಒಲಿಯಲಿಲ್ಲ. ಲೆಕ್ಕ ಬರೆಯುವುದೂ ಒಂದು ಕಸುಬು. ಅದಕ್ಕೂ ತನ್ನದೇ ಆದ ಉಪಕರಣ, ಪರಿಭಾಷೆ, ಕಲಿಕೆಯ ಕ್ರಮ, ಹಬ್ಬ ಹಾಗೂ ನಂಬಿಕೆಗಳಿವೆ. ಕಳೆದ ಎರಡು ದಶಕಗಳಲ್ಲಿ ಕ್ಲೌಡ್ ಕಂಪ್ಯೂಟಿಂಗ್ ಅಥವಾ ಮೇಘಗಣನೆ ಎಂಬ ವ್ಯವಸ್ಥೆಯು ಈ ಕಸುಬನ್ನು ಬುಡಸಹಿತ ಅಲುಗಾಡಿಸಿದೆ. ಹಳೇ ಹುಬ್ಬಳ್ಳಿ ಹಾಗೂ ಅದಕ್ಕೆ ಹೊಂದಿಕೊಂಡ ಪೇಟೆಗಳನ್ನು ಎದುರಿಗಿಟ್ಟುಕೊಂಡು, ಲೆಕ್ಕದ ಪುಸ್ತಕವು ಒಬ್ಬರ ವಶದಿಂದ ಇನ್ನೊಬ್ಬರ ವಶಕ್ಕೆ ಹೇಗೆ ಸರಿಯಿತು, ಅದರೊಂದಿಗೆ ಪುಸ್ತಕ ಬರೆಯುವವರ ಹಾಗೂ ಗಣಕಯಂತ್ರ ನೋಡಿಕೊಳ್ಳುವವರ ಕೆಲಸ ಏನಾಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಪೇಟೆಯ ಹಿನ್ನೆಲೆ

ರಾಯರ ಹುಬ್ಬಳ್ಳಿ ಎಂದು ಹೆಸರಾಗಿದ್ದ ಹಳೇ ಹುಬ್ಬಳ್ಳಿಯು ವಿಜಯನಗರದ ಕಾಲದಿಂದಲೂ ಹತ್ತಿ, ಕಬ್ಬಿಣಗಳ ವ್ಯಾಪಾರಕ್ಕೆ ಪ್ರಸಿದ್ಧವಾಗಿತ್ತು. ಭವಾನಿಶಂಕರ ದೇವಾಲಯವು ಈ ಊರಿನ ಪ್ರಾಚೀನತೆಗೆ ಸಾಕ್ಷಿಯಾಗಿದ್ದರೆ, ಸಿದ್ಧಾರೂಢ ಮಠವು ಅದರ ಈಚಿನ ಧಾರ್ಮಿಕ ಕೇಂದ್ರವಾಗಿದೆ. ಇಂಗ್ಲಿಷರು ಇಲ್ಲಿ ವ್ಯಾಪಾರಿ ಕೋಠಿಯನ್ನು ಹೊಂದಿದ್ದರು. 1673ರಲ್ಲಿ ಶಿವಾಜಿಯ ಸೈನ್ಯ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಆ ಕೋಠಿಯೂ ಹಾನಿಗೊಳಗಾಯಿತು. ಪರಿಹಾರಕ್ಕಾಗಿ ಕಂಪನಿಯವರು ವರ್ಷಗಟ್ಟಲೆ ಮಾತುಕತೆ ನಡೆಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಲೂಟಿಯ ವಿವರ ಇತಿಹಾಸಕಾರರಿಗೆ ದೊರೆತಿರುವುದು ಕಂಪನಿಯ ಪತ್ರ ಹಾಗೂ ಲೆಕ್ಕದ ದಾಖಲೆಗಳಿಂದ. ಅದೇ ದಿನ ಅದೇ ಪೇಟೆಯಲ್ಲಿ ಕಳೆದುಕೊಂಡ ಸ್ಥಳೀಯ ವ್ಯಾಪಾರಸ್ಥರ ಲೆಕ್ಕ ಯಾರಿಗೂ ದೊರೆಯದು. ಮುಂದೆ ಸವಣೂರು ನವಾಬರ ಕಾಲದಲ್ಲಿ ಮಜೀದ್‌ಪುರವೆಂಬ ಬಡಾವಣೆಯೂ ಬಸಪ್ಪ ಶೆಟ್ಟರೆಂಬ ವ್ಯಾಪಾರಿಯ ಮುಂದಾಳುತನದಲ್ಲಿ ದುರ್ಗದ ಬೈಲಿನ ಸುತ್ತ ಹೊಸ ಹುಬ್ಬಳ್ಳಿಯೂ ಬೆಳೆದವು. ಇಂದಿಗೂ ಜವಳಿ ಸಾಲು, ದುರ್ಗದ ಬೈಲು, ದಾಜಿಬಾನ ಪೇಟೆಗಳ ಒಂದು ಕಡೆಗೆ ಹಳೇ ಹುಬ್ಬಳ್ಳಿಯ ಚನ್ನಪೇಟೆ, ಇಂಡಿ ಪಂಪ್, ನೇಕಾರ ನಗರಗಳಿವೆ. ಧಾನ್ಯ, ಹತ್ತಿ, ಮೆಣಸಿನಕಾಯಿಯ ದೊಡ್ಡ ವ್ಯಾಪಾರ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣಕ್ಕೆ ಸ್ಥಳಾಂತರಗೊಂಡಿದೆ.

ಲೆಕ್ಕದ ವಸ್ತು ಸಂಸ್ಕೃತಿ

ಕನ್ನಡ ನಾಡಿನ ಹಳೆಯ ಲೆಕ್ಕದ ಪುಸ್ತಕ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಈ ಕಪ್ಪು ಪುಸ್ತಕದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಾದ ಗುಣ ಅದಕ್ಕಿತ್ತು. ಕಾಗದ ಬಂದ ಮೇಲೆ ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕಗಳು ಕಡತದ ಜಾಗವನ್ನು ಪಡೆದವು. ಮರಾಠರ ಆಡಳಿತದ ಪ್ರಭಾವದಿಂದ ಧಾರವಾಡ ಸೀಮೆಯ ದಾಖಲೆಗಳಲ್ಲಿ ಮೋಡಿ ಲಿಪಿಯ ಬಳಕೆ ವ್ಯಾಪಕವಾಗಿತ್ತು. ಕೀರ್ದಿ, ಖಾತೆ, ಖತಾವಣಿ, ಜಮಾ, ಬಾಕಿ, ವಸೂಲಿ, ರೋಖ, ಉದ್ರಿ ಮುಂತಾದ ಪದಗಳು ಪಾರಸಿ, ಅರಬ್ಬಿ, ಮರಾಠಿಗಳ ಮೂಲಕ ಬಂದು ಕನ್ನಡದವೇ ಆಗಿ ಹೋದವು. ವಸ್ತು ಸತ್ತರೂ ಪದ ಉಳಿಯುವುದಕ್ಕೆ ಇವು ಉತ್ತಮ ನಿದರ್ಶನಗಳಾಗಿವೆ. ಕಡತವು ಇಂದು ಸರಕಾರಿ ಕಚೇರಿಯ ಫೈಲು. ಖಾತೆಯು ಮಂತ್ರಿಯ ಇಲಾಖೆ, ಮನೆಯ ಆಸ್ತಿಪತ್ರ, ಬ್ಯಾಂಕಿನ ಲೆಕ್ಕ, ಕೊನೆಗೆ ಗುಪ್ತಪದ ಹಾಕಿ ಒಳಹೊಗುವ ಮೊಬೈಲಿನ ಅಕೌಂಟ್ ಕೂಡ ಹೌದು.

ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು ದಿವಾನಜಿ. ಗಾದಿಯ ಮೇಲೆ ಕುಳಿತ ಮಾಲಕ, ಪಕ್ಕದಲ್ಲಿ ಇಳಿಜಾರಿನ ಪುಟ್ಟ ಮೇಜಿನ ಮುಂದೆ ದಿವಾನಜಿ, ಹೊರಗೆ ಹಮಾಲರು ಮತ್ತು ತೂಕದವರು - ಇದು ಪೇಢಿಯ ಸಾಮಾನ್ಯ ಚಿತ್ರ. ರೈತನ ಮಾಲು ಮಾರಾಟವಾದ ಮೇಲೆ ತೂಕ, ದರ, ಹಮಾಲಿ, ದಲಾಲಿ, ಮೊದಲೇ ಕೊಟ್ಟ ಮುಂಗಡಗಳನ್ನು ಕಳೆದು ಕೊಡುವ ಚೀಟಿಗೆ 'ಪಟ್ಟಿ' ಎಂದು ಹೆಸರು. ಪಟ್ಟಿ ಓದಲು ಬಾರದ ರೈತನಿಗೆ ದಿವಾನಜಿ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದನು. ಮೋಸಕ್ಕೂ ಅಲ್ಲಿ ಅವಕಾಶವಿತ್ತೆಂಬುದನ್ನು ಮರೆಯಬಾರದು. ಹಳೆಯ ವ್ಯವಸ್ಥೆಯನ್ನು ಸುವರ್ಣಯುಗವೆಂದು ಚಿತ್ರಿಸುವ ಚಟ ಜಾನಪದ ಬರವಣಿಗೆಗೆ ಅಂಟಿಕೊಂಡಿದೆ. ದಲಾಲಿ ಅಂಗಡಿಯ ಸಾಲದಲ್ಲಿ ಸಿಕ್ಕಿಬಿದ್ದ ರೈತ ಕುಟುಂಬಗಳು ಆ ಚಿತ್ರವನ್ನು ಒಪ್ಪಲಾರವು. ಆದರೂ ಪುಸ್ತಕ ಅಂಗಡಿಯಲ್ಲಿಯೇ ಇರುತ್ತಿತ್ತು, ತಕರಾರು ಬಂದಾಗ ಬಿಚ್ಚಿ ತೋರಿಸಬಹುದಾಗಿತ್ತು, ಬರೆದ ಕೈ ಯಾರದೆಂದು ಇಬ್ಬರಿಗೂ ಗೊತ್ತಿರುತ್ತಿತ್ತು.

ಪುಸ್ತಕಕ್ಕೆ ದೈವತ್ವ ಲಭಿಸಿದ್ದು ದೀಪಾವಳಿಯಲ್ಲಿ. ಅಮಾವಾಸ್ಯೆಯ ಸಂಜೆ ಅಂಗಡಿಯ ಲಕ್ಷ್ಮೀಪೂಜೆಯಲ್ಲಿ ಹೊಸ ಪುಸ್ತಕವನ್ನಿಟ್ಟು, ಮೊದಲ ಪುಟದಲ್ಲಿ 'ಶ್ರೀ' ಬರೆದು, ಶುಭ-ಲಾಭಗಳನ್ನು ನಮೂದಿಸಿ, ಅರಿಸಿನ ಕುಂಕುಮ ಹಚ್ಚಿ, ಎಲೆ ಅಡಿಕೆ ನಾಣ್ಯಗಳನ್ನಿರಿಸುವುದು ರೂಢಿ. ಬಲಿಪಾಡ್ಯಮಿಯಿಂದ ವ್ಯಾಪಾರದ ಹೊಸ ವರ್ಷ ಆರಂಭವಾಗುತ್ತಿತ್ತು. ಈ ಆಚರಣೆಯ ಅರ್ಥ ಬದಲಾದದ್ದು ಗಣಕಯಂತ್ರದಿಂದ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಮೊದಲ ಪೆಟ್ಟು ಕೊಟ್ಟದ್ದು ತೆರಿಗೆ ಕಾನೂನು. ಅದುವರೆಗೆ ವ್ಯಾಪಾರಿಯು ತನ್ನ ರೂಢಿಯ ಲೆಕ್ಕವರ್ಷವನ್ನು ಆಯ್ದುಕೊಳ್ಳಬಹುದಾಗಿತ್ತು. 1989ರಿಂದ ಆದಾಯ ತೆರಿಗೆಗೆ ಎಲ್ಲರೂ ಮಾರ್ಚ್ 31ಕ್ಕೆ ಮುಗಿಯುವ ವರ್ಷವನ್ನೇ ಅನುಸರಿಸಬೇಕಾಯಿತು. ಅಂದಿನಿಂದ ದೀಪಾವಳಿಯ ಪುಸ್ತಕ ಪೂಜೆಗೂ ನಿಜವಾದ ಲೆಕ್ಕದ ಆರಂಭಕ್ಕೂ ಸಂಬಂಧ ಕಡಿಯಿತು. ಆಚರಣೆ ಮಾತ್ರ ಹಾಗೆಯೇ ಮುಂದುವರಿಯಿತು.

ಟ್ಯಾಲಿಯ ಕಾಲ

1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಬಿಡಿಭಾಗ ಪೂರೈಸುತ್ತಿದ್ದ ತಂದೆಗೆ ತನ್ನ ವ್ಯಾಪಾರದ ಲೆಕ್ಕ ನೋಡಿಕೊಳ್ಳಬಲ್ಲ ತಂತ್ರಾಂಶ ಬೇಕಾಗಿತ್ತು. ಆ ಕಾಲದ ಲೆಕ್ಕದ ತಂತ್ರಾಂಶಗಳು ಪ್ರತಿಯೊಂದು ಖಾತೆಗೂ ಸಂಕೇತ ಸಂಖ್ಯೆ ಕೇಳುತ್ತಿದ್ದವು. ಮಗ ಬರೆದ ತಂತ್ರಾಂಶ ಸಂಕೇತಗಳನ್ನು ಕೈಬಿಟ್ಟು ಖಾತೆಯನ್ನು ಅದರ ಹೆಸರಿನಿಂದಲೇ ಗುರುತಿಸಿತು. ಟ್ಯಾಲಿ ಎಂಬ ಹೆಸರಿನಲ್ಲಿ ಅದು ದೇಶದ ಪೇಟೆಗಳನ್ನೆಲ್ಲ ವ್ಯಾಪಿಸಿತು. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ದೊರೆಯಿತು. ದಿವಾನಜಿಯು ಖಾತೆಯನ್ನು ಎಂದೂ ಸಂಖ್ಯೆಯಿಂದ ಕರೆದವನಲ್ಲ, 'ಇಂಥ ಊರಿನ ಇಂಥವರ ಖಾತೆ' ಎಂದೇ ಕರೆದವನು. ಟ್ಯಾಲಿಯ ಯಶಸ್ಸಿಗೆ ಪೇಟೆಯ ಈ ಜಾನಪದ ಕ್ರಮವನ್ನು ಅದು ಅರಿತದ್ದೇ ಒಂದು ಮುಖ್ಯ ಕಾರಣವೆನ್ನಬಹುದು.

ಹುಬ್ಬಳ್ಳಿಯಲ್ಲಿ ವಾಣಿಜ್ಯ ಪದವಿ ಪಡೆದ ಒಂದು ಇಡೀ ತಲೆಮಾರಿಗೆ ಟ್ಯಾಲಿ ತರಬೇತಿಯು ಮೊದಲ ನೌಕರಿಯ ಬಾಗಿಲಾಯಿತು. 'ಟ್ಯಾಲಿ ಬರತದ' ಎಂಬುದೇ ಒಂದು ಅರ್ಹತೆ. ದಿವಾನಜಿಯ ಸ್ಥಾನದಲ್ಲಿ ಅಕೌಂಟಂಟ್ ಬಂದನು, ಬಂದಳು; ಪೇಢಿಯ ಲೆಕ್ಕಕ್ಕೆ ಹೆಣ್ಣುಮಕ್ಕಳ ಪ್ರವೇಶವಾದದ್ದು ಹೆಚ್ಚಾಗಿ ಈ ಹಂತದಲ್ಲಿಯೇ. ತಂತ್ರಾಂಶದಲ್ಲಿ ಭಾರತೀಯ ಭಾಷೆಗಳಿಗೆ ಅವಕಾಶವಿದ್ದರೂ ಪೇಟೆಯ ಲೆಕ್ಕ ಬಹುತೇಕ ಇಂಗ್ಲಿಷಿಗೆ ತಿರುಗಿತು. ಆದರೆ ಒಂದು ಸಂಗತಿ ಬದಲಾಗಲಿಲ್ಲ. ಲೆಕ್ಕವು ಅಂಗಡಿಯ ಗಣಕಯಂತ್ರದಲ್ಲಿಯೇ ಇತ್ತು. ತಂತ್ರಾಂಶವನ್ನು ಒಮ್ಮೆ ಕೊಂಡರೆ ಅದು ಕೊಂಡವನದು. ಸಂಜೆ ಪೆನ್ ಡ್ರೈವಿಗೆ ನಕಲು ತೆಗೆದು ಗಲ್ಲಾ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಪುಸ್ತಕ ಅಂಗಡಿಯಲ್ಲಿಯೇ ಉಳಿದಂತೆ. ಯಂತ್ರ ಕೆಟ್ಟರೆ ಪೇಟೆಯ ಗಣಕ ದುರಸ್ತಿಯ ಹುಡುಗ ಬಂದು ಬಿಚ್ಚಿ ನೋಡುತ್ತಿದ್ದನು. ವರ್ಷದ ನಿರ್ವಹಣೆಗೆ ಅವನೊಂದಿಗೆ ಒಪ್ಪಂದವಿರುತ್ತಿತ್ತು.

ಹಗೇವು ಮತ್ತು ಗೋದಾಮು

ಮೇಘಗಣನೆಯ ಸ್ವರೂಪವನ್ನು ಅರಿಯಲು ಉತ್ತರ ಕರ್ನಾಟಕದ ಧಾನ್ಯ ಸಂಗ್ರಹಣೆಯನ್ನು ನೆನೆಯಬಹುದು. ಇಲ್ಲಿಯ ಮನೆಗಳಲ್ಲಿ, ಊರ ಬಯಲಿನಲ್ಲಿ ನೆಲ ತೋಡಿ ಜೋಳ ತುಂಬುವ ಹಗೇವುಗಳಿದ್ದವು. ಹಗೇವು ಮನೆತನದ ಸ್ವತ್ತು. ತೋಡಿಸುವ ಖರ್ಚು, ನೀರು ಜಿನುಗಿದರೆ ನಷ್ಟ, ಸುಗ್ಗಿ ಚೆನ್ನಾಗಿ ಬಂದರೆ ಜಾಗ ಸಾಲದಿರುವ ಚಿಂತೆ ಎಲ್ಲವೂ ಮನೆಯವರದೇ. ನಂತರ ಬಂದ ಉಗ್ರಾಣ ನಿಗಮಗಳ ಗೋದಾಮಿನಲ್ಲಿ ನೂರಾರು ಜನರ ಚೀಲಗಳು ಒಂದೇ ಸೂರಿನಡಿ ಇರುತ್ತವೆ. ಇಟ್ಟ ಚೀಲಕ್ಕೆ, ಇಟ್ಟ ಅವಧಿಗೆ ಮಾತ್ರ ಬಾಡಿಗೆ. ಕಾವಲು, ಹುಳದ ಔಷಧ ಗೋದಾಮಿನವರ ಹೊಣೆ. ಕೈಗೆ ಬರುವುದು ರಸೀದಿ.

ಕ್ಲೌಡ್ ಎಂಬುದು ಇಂಥ ಗೋದಾಮು. ಸಾವಿರಾರು ಬಲಿಷ್ಠ ಗಣಕಯಂತ್ರಗಳನ್ನು ಒಂದೆಡೆ ಕೂಡಿಸಿ, ಒಂದೊಂದು ಯಂತ್ರವನ್ನೂ ತಂತ್ರಾಂಶದ ಮೂಲಕ ಹಲವು ಕಾಲ್ಪನಿಕ ಯಂತ್ರಗಳಾಗಿ ವಿಂಗಡಿಸಿ, ಅಂತರಜಾಲದ ಮೂಲಕ ಬಾಡಿಗೆಗೆ ಕೊಡಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2011ರಲ್ಲಿ ಇದಕ್ಕೆ ಐದು ಲಕ್ಷಣಗಳನ್ನು ಹೇಳಿದೆ: ಬೇಕೆಂದಾಗ ತಾನೇ ಪಡೆದುಕೊಳ್ಳುವ ಅನುಕೂಲ, ಎಲ್ಲಿಂದಲಾದರೂ ಜಾಲದ ಮೂಲಕ ತಲುಪುವ ಸೌಲಭ್ಯ, ಹಲವರ ನಡುವೆ ಹಂಚಿಕೆ, ಬೇಕಾದಂತೆ ಹಿಗ್ಗುವ ಕುಗ್ಗುವ ಗುಣ, ಬಳಸಿದಷ್ಟಕ್ಕೆ ಅಳತೆ. ಬಾಡಿಗೆಗೆ ಬರಿಯ ಯಂತ್ರವನ್ನೂ ಪಡೆಯಬಹುದು, ತಂತ್ರಾಂಶ ಕಟ್ಟುವ ಅಡಿಪಾಯವನ್ನೂ ಪಡೆಯಬಹುದು, ಸಿದ್ಧ ತಂತ್ರಾಂಶವನ್ನೇ ತಿಂಗಳ ಬಾಡಿಗೆಗೂ ಪಡೆಯಬಹುದು. 1999ರಲ್ಲಿ ಆರಂಭವಾದ ಸೇಲ್ಸ್‌ಫೋರ್ಸ್ ಸಂಸ್ಥೆಯು ವ್ಯಾಪಾರದ ತಂತ್ರಾಂಶವನ್ನು ಹೀಗೆ ಬಾಡಿಗೆಗೆ ಕೊಡುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಪುಸ್ತಕದ ಅಂಗಡಿಯಾಗಿ ಹುಟ್ಟಿದ ಅಮೆಜಾನ್ 2006ರಲ್ಲಿ ಸಂಗ್ರಹ ಮತ್ತು ಗಣನ ಶಕ್ತಿಯನ್ನು ಬಾಡಿಗೆಗೆ ತೆರೆಯಿತು. ನಮ್ಮ ದೇಶದಲ್ಲಿ ಮೈಕ್ರೋಸಾಫ್ಟ್ 2015ರಲ್ಲಿಯೂ ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿಯೂ ಇಂಥ ಗೋದಾಮುಗಳನ್ನು ಆರಂಭಿಸಿದವು. 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯ ಕೆಲವು ಲೆಕ್ಕಗಳು ಈಗ ಮತ್ತೆ ಮುಂಬಯಿಗೇ ಹೋಗಿ ಕುಳಿತಿರಬಹುದು.

ಇಷ್ಟು ದೂರದ ಯಂತ್ರ ಎದುರಿಗಿದ್ದಂತೆ ಕೆಲಸ ಮಾಡಬೇಕಾದರೆ ಬೆಳಕಿನ ಎಳೆಗಳ ವೇಗದ ಜಾಲ ಬೇಕು. ಆ ಜಾಲದ ಉಪಕರಣಗಳನ್ನು ರೂಪಿಸಿದ ಸೈಕಾಮೋರ್ ನೆಟ್‌ವರ್ಕ್ಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಗುರುರಾಜ ದೇಶಪಾಂಡೆಯವರು ಹುಬ್ಬಳ್ಳಿಯವರೇ.

ಸವಾಲಿನ ಧ್ವನಿ ಅಡಗಿದ ಬಗೆ

ಪೇಟೆಯ ಜಾನಪದದಲ್ಲಿ ಅತ್ಯಂತ ಶ್ರೀಮಂತವಾದದ್ದು ದರ ಕಟ್ಟುವ ಕಲೆ. ದನದ ಸಂತೆಯಲ್ಲಿ ರುಮಾಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದು, ಧಾನ್ಯದ ರಾಶಿಯ ಸುತ್ತ ನಿಂತು ಬಾಯಿ ಸವಾಲು ಕೂಗುವುದು, ಮುಚ್ಚಿದ ಚೀಟಿಯಲ್ಲಿ ದರ ಬರೆದು ಹಾಕುವುದು - ಇವು ಬೇರೆ ಬೇರೆ ಕ್ರಮಗಳು. ಬೆರಳ ಭಾಷೆಯಲ್ಲಿ ಗುಟ್ಟು, ಕೂಗಿನಲ್ಲಿ ಬಹಿರಂಗ, ಚೀಟಿಯಲ್ಲಿ ಎರಡರ ಮಿಶ್ರಣ. ಸವಾಲು ಕೂಗುವವನ ಲಯ, ವೇಗ, ಹಾಸ್ಯ, ಕೊನೆಯ ಕ್ಷಣದ ವಿರಾಮ ಎಲ್ಲವೂ ಪ್ರದರ್ಶನ ಕಲೆಯ ಅಧ್ಯಯನಕ್ಕೆ ಯೋಗ್ಯ ಸಾಮಗ್ರಿ. ಅವನು ಯಾವ ರಾಶಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾನೆ ಎಂಬುದರಲ್ಲಿಯೇ ಆ ಮಾಲಿನ ಗುಣ ಸೂಚಿತವಾಗುತ್ತಿತ್ತು.

2014ರಲ್ಲಿ ಕರ್ನಾಟಕ ಸರಕಾರ ಹಾಗೂ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಜಂಟಿಯಾಗಿ ರಾಷ್ಟ್ರೀಯ ಇ-ಮಾರ್ಕೆಟ್ ಸೇವಾ ಸಂಸ್ಥೆಯನ್ನು ಸ್ಥಾಪಿಸಿ, ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿದವು. ಪ್ರಾಂಗಣಕ್ಕೆ ಬಂದ ಮಾಲಿಗೆ ಲಾಟ್ ಸಂಖ್ಯೆ ದೊರೆಯುತ್ತದೆ; ವ್ಯಾಪಾರಸ್ಥರು ಗಣಕ ಅಥವಾ ಮೊಬೈಲಿನಿಂದ ದರ ದಾಖಲಿಸುತ್ತಾರೆ; ನಿಗದಿತ ಹೊತ್ತಿಗೆ ಹೆಚ್ಚಿನ ದರ ಪ್ರಕಟವಾಗುತ್ತದೆ. 2016ರ ಏಪ್ರಿಲ್ 14ರಂದು ಕೇಂದ್ರ ಸರಕಾರ ಆರಂಭಿಸಿದ ಇ-ನಾಮ್ ವ್ಯವಸ್ಥೆಗೆ ಕರ್ನಾಟಕದ ಅನುಭವ ಮುಂಚಿನದು. ಹತ್ತಾರು ಮಾರುಕಟ್ಟೆಗಳ ದರ ಒಂದೇ ವೇದಿಕೆಯಲ್ಲಿ ಕೂಡುವುದು, ಬೇರೆ ಊರಿನ ವ್ಯಾಪಾರಸ್ಥನೂ ದರ ಹಾಕುವುದು ಸಾಧ್ಯವಾದದ್ದು ಲೆಕ್ಕವು ಮಾರುಕಟ್ಟೆಯಿಂದ ಹೊರಗೆ ಹೋದುದರಿಂದಲೇ. ಪ್ರಾಂಗಣದ ನಾಲ್ಕಾರು ಜನ ಒಳಗೊಳಗೇ ಹೊಂದಿಕೊಂಡು ದರ ಇಳಿಸುವುದಕ್ಕೆ ಇದರಿಂದ ತಡೆ ಬಿದ್ದಿದ್ದರೆ ಅದು ಸ್ವಾಗತಾರ್ಹವೇ. ಹೆಚ್ಚಿನ ದರ ಹಾಕಿದವನ ಮುಖವನ್ನು ರೈತ ನೋಡುವುದಿಲ್ಲ, ತನ್ನ ರಾಶಿಯ ಮುಂದೆ ಯಾರು ಮೂಗು ಮುರಿದರೆಂಬುದೂ ಅವನಿಗೆ ತಿಳಿಯುವುದಿಲ್ಲ. ಇದು ಆ ಲಾಭಕ್ಕೆ ತೆತ್ತ ಬೆಲೆ.

ಕೂಗು ಅಡಗಿದ ಪೇಟೆಯಲ್ಲಿ ಈಗ ಬೇರೊಂದು ಧ್ವನಿ ಕೇಳಿಬರುತ್ತದೆ. ಕಿರಾಣಿ ಅಂಗಡಿ, ಚಹದಂಗಡಿ, ಕಾಯಿಪಲ್ಲೆಯ ಬುಟ್ಟಿಗಳ ಬಳಿ ಇರಿಸಿದ ಪುಟ್ಟ ಪೆಟ್ಟಿಗೆಯು ಜಮೆಯಾದ ರೂಪಾಯಿಗಳನ್ನು ಕನ್ನಡದಲ್ಲಿಯೇ ಗಟ್ಟಿಯಾಗಿ ಸಾರುತ್ತದೆ. ದಿವಾನಜಿ ಪಟ್ಟಿ ಓದಿ ಹೇಳುತ್ತಿದ್ದ ಕೆಲಸವನ್ನು ದೂರದ ಸರ್ವರ್ ವಹಿಸಿಕೊಂಡಂತಾಗಿದೆ.

ಬಿಲ್ಲು, ಉದ್ರಿ ಮತ್ತು ಹೊರಗಿನ ಪುಸ್ತಕ

ವ್ಯಾಪಾರಸ್ಥರು ತಾವಾಗಿಯೇ ಕ್ಲೌಡ್ ಕಡೆಗೆ ಹೊರಳಿದರೆಂಬುದು ಅರ್ಧ ಸತ್ಯ. ಹಳೇ ಹುಬ್ಬಳ್ಳಿಯ ಸಣ್ಣ ಪೇಢಿಗಳನ್ನು ಅತ್ತ ತಳ್ಳಿದ ಶಕ್ತಿಗಳಲ್ಲಿ ತೆರಿಗೆ ವ್ಯವಸ್ಥೆಯೇ ದೊಡ್ಡದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಅದರ ಜಾಲವನ್ನು ಕಟ್ಟಿದ್ದು ಇನ್ಫೋಸಿಸ್. ರಾಜ್ಯದೊಳಗಿನ ಸಾಗಾಟಕ್ಕೂ ಇ-ವೇ ಬಿಲ್ಲನ್ನು 2018ರ ಏಪ್ರಿಲ್ 1ರಿಂದ ಎಲ್ಲ ರಾಜ್ಯಗಳಿಗಿಂತ ಮೊದಲು ಜಾರಿಗೆ ತಂದದ್ದು ಕರ್ನಾಟಕ. ಇ-ಇನ್‌ವಾಯ್ಸ್ ಎಂಬ ಕ್ರಮವು 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನವರಿಗೆ ಕಡ್ಡಾಯವಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರನ್ನೂ ಒಳಗೊಂಡಿತು. ಈ ಮಿತಿಯೊಳಗೆ ಬರುವ ವ್ಯಾಪಾರಿಯು ಇನ್ನೊಬ್ಬ ವ್ಯಾಪಾರಿಗೆ ಕೊಡುವ ಬಿಲ್ಲಿಗೆ ಸರಕಾರದ ಜಾಲತಾಣ 64 ಅಕ್ಷರಾಂಕಗಳ ಗುರುತನ್ನು ನೀಡಿದ ಮೇಲೆಯೇ ಅದು ಬಿಲ್ಲೆನಿಸಿಕೊಳ್ಳುತ್ತದೆ. ಬಿಲ್ಲು ಅಂಗಡಿಯಲ್ಲಿ ಹುಟ್ಟಿ ತೆರಿಗೆ ಕಚೇರಿಗೆ ಹೋಗುತ್ತಿದ್ದ ಕಾಲ ಮುಗಿಯಿತು. ಈಗ ಅದು ಹೊರಗೆ ಹುಟ್ಟಿ ಅಂಗಡಿಗೆ ಬರುತ್ತದೆ. ಟ್ಯಾಲಿಯಂಥ ತಂತ್ರಾಂಶ ಇಂದಿಗೂ ಬಹಳ ಕಡೆ ಅಂಗಡಿಯ ಯಂತ್ರದಲ್ಲಿಯೇ ಇದೆ. ಆದರೆ ದಿನಕ್ಕೆ ಹಲವು ಸಲ ಅದು ಹೊರಗಿನ ಸರ್ವರಿನ ಕದ ತಟ್ಟಲೇಬೇಕು.

ಉದ್ರಿಯ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. 'ಇಂದು ರೋಖ, ನಾಳೆ ಉದ್ರಿ' ಎಂಬ ಫಲಕ ತೂಗುಹಾಕಿದ ಅಂಗಡಿಯಲ್ಲಿಯೂ ಉದ್ರಿ ಪುಸ್ತಕವಿರುತ್ತಿತ್ತು. ಸುಗ್ಗಿ ಬರುವವರೆಗೆ, ಪಗಾರ ಆಗುವವರೆಗೆ, ಮನೆಯಲ್ಲಿ ಬೇನೆ ಇದ್ದರೆ ಇನ್ನೂ ಒಂದು ತಿಂಗಳು ಕಾಯುವುದು ಅಂಗಡಿಕಾರನ ವಿವೇಚನೆಗೆ ಬಿಟ್ಟದ್ದು. 2018ರ ನಂತರ ಬೆಂಗಳೂರಿನಿಂದ ಹೊರಟ ಖಾತಾಬುಕ್ ಮುಂತಾದ ಮೊಬೈಲ್ ತಂತ್ರಾಂಶಗಳು ಉದ್ರಿ ಪುಸ್ತಕವನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಕ್ಲೌಡ್‌ಗೆ ಒಯ್ದವು. ಪುಸ್ತಕ ಮಳೆಯಲ್ಲಿ ತೊಯ್ಯುವ, ಕಳೆಯುವ ಭಯ ಹೋಯಿತು. ಗಿರಾಕಿಗೂ ತನ್ನ ಬಾಕಿ ಕಾಣುವಂತಾಯಿತು. ಜೊತೆಗೆ ಬಾಕಿಯ ನೆನಪೋಲೆ ಸಂದೇಶವಾಗಿ ಗಿರಾಕಿಯ ಮೊಬೈಲಿಗೆ ಹೋಗತೊಡಗಿತು. 'ಅಣ್ಣಾರ, ಸ್ವಲ್ಪ ನೋಡ್ರಿ' ಎಂದು ಓಣಿಯಲ್ಲಿ ಸಿಕ್ಕಾಗ ತಗ್ಗಿದ ದನಿಯಲ್ಲಿ ಕೇಳುತ್ತಿದ್ದುದಕ್ಕೂ ಈ ಸಂದೇಶಕ್ಕೂ ಇರುವ ಅಂತರವನ್ನು ಕೇವಲ ಅನುಕೂಲದ ಮಾನದಂಡದಿಂದ ಅಳೆಯಲಾಗದು.

ಕೆಲಸದ ಹೊಸ ರೂಪ

ಗಣಕಯಂತ್ರದವರ ಕಸುಬೂ ಇದೇ ಬಗೆಯಲ್ಲಿ ತಿರುಗಿತು. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರ ರೂಪಾಯಿಗಳ ನೆರವಿನಿಂದ 1981ರಲ್ಲಿ ಆರಂಭವಾದ ಇನ್ಫೋಸಿಸ್ ತನ್ನ ಮೊದಲ ಗಣಕವನ್ನು ವಿದೇಶದಿಂದ ತರಿಸಿಕೊಳ್ಳಲು ಪರವಾನಗಿಗಾಗಿ ದೆಹಲಿಗೆ ಅಲೆಯಬೇಕಾಗಿದ್ದ ಕತೆ ಪ್ರಸಿದ್ಧವಾಗಿದೆ. ಈಗ ಗೋಕುಲ ರಸ್ತೆಯ ಬಾಡಿಗೆ ಕೋಣೆಯಲ್ಲಿ ನವೋದ್ಯಮ ಆರಂಭಿಸಿದ ಯುವಕರಿಗೆ ಅದಕ್ಕಿಂತ ಎಷ್ಟೋ ಪಟ್ಟು ಬಲಿಷ್ಠವಾದ ಗಣಕ ಕೆಲವು ನಿಮಿಷಗಳಲ್ಲಿ, ತಾಸಿನ ಬಾಡಿಗೆಗೆ ದೊರೆಯುತ್ತದೆ. ಬಂಡವಾಳದ ಅಡ್ಡಿ ತಗ್ಗಿತು. ತಿಂಗಳ ಬಿಲ್ಲಿನ ಭಯ ಅದರ ಜಾಗಕ್ಕೆ ಬಂದಿತು. ಬಳಸದ ಯಂತ್ರವನ್ನು ನಿಲ್ಲಿಸಲು ಮರೆತರೂ ಬಾಡಿಗೆ ಏರುತ್ತಲೇ ಇರುತ್ತದೆ.

ಹಿಂದೆ ದೊಡ್ಡ ಸಂಸ್ಥೆಗಳಲ್ಲಿ ಸರ್ವರ್ ಕೋಣೆಯೆಂಬ ತಂಪಾದ ಗರ್ಭಗುಡಿಯಿತ್ತು. ಅಲ್ಲಿಗೆ ಕೆಲವರಿಗೆ ಮಾತ್ರ ಪ್ರವೇಶ, ಆಯುಧ ಪೂಜೆಗೆ ಹಾರ, ಕುಂಕುಮ. ಯಂತ್ರವನ್ನು ಕೊಳ್ಳುವುದು, ತಂತಿ ಜೋಡಿಸುವುದು, ಡಿಸ್ಕ್ ಬದಲಿಸುವುದು ಅಲ್ಲಿಯವರ ಕೆಲಸ. ಕ್ಲೌಡ್ ಬಂದ ಮೇಲೆ ಯಂತ್ರವನ್ನು ಮುಟ್ಟುವ ಕೆಲಸ ಕೆಲವೇ ಗೋದಾಮುಗಳಿಗೆ ಸೀಮಿತವಾಯಿತು. ಉಳಿದವರು ಯಂತ್ರ ಹೇಗಿರಬೇಕೆಂಬುದನ್ನು ಅಕ್ಷರದಲ್ಲಿ ಬರೆದು ಆಜ್ಞಾಪಿಸುತ್ತಾರೆ. ತಂತ್ರಾಂಶ ಬರೆಯುವವನು, ಅದನ್ನು ನಡೆಸುವವನು ಎಂಬ ಹಳೆಯ ವಿಭಜನೆ ಮಸುಕಾಯಿತು. ಗಿರಾಕಿಯ ಸ್ವಂತ ಯಂತ್ರಗಳ ನಿರ್ವಹಣೆಯಿಂದ ಬೆಳೆದ ಭಾರತೀಯ ಕಂಪನಿಗಳು ಆ ಯಂತ್ರಗಳಿಂದ ಕ್ಲೌಡ್‌ಗೆ ಸಾಗಿಸುವುದನ್ನೇ ಹೊಸ ವ್ಯವಹಾರವಾಗಿಸಿಕೊಂಡವು. 2020ರ ಆಗಸ್ಟಿನಲ್ಲಿ ಇನ್ಫೋಸಿಸ್ ಇದಕ್ಕೆಂದೇ 'ಕೋಬಾಲ್ಟ್' ಎಂಬ ಹೆಸರಿನ ಸೇವೆಯನ್ನು ಪ್ರಕಟಿಸಿತು. ಅದೇ ವರ್ಷದ ಮಾರ್ಚಿನ ಲಾಕ್‌ಡೌನ್ ಸಮಯದಲ್ಲಿ ಬೆಂಗಳೂರಿನಿಂದ ಮರಳಿದ ಉತ್ತರ ಕರ್ನಾಟಕದ ಸಾವಿರಾರು ತರುಣ ತರುಣಿಯರು ತವರಿನ ಪಡಸಾಲೆಯಲ್ಲಿ ಕುಳಿತು ಕೆಲಸ ಮಾಡಲು ಸಾಧ್ಯವಾದದ್ದು ಈ ವ್ಯವಸ್ಥೆಯಿಂದಲೇ. ಹುಬ್ಬಳ್ಳಿಯ ಹುಡುಗಿ ಪುಣೆಯ ಅಂಗಡಿಯ ಲೆಕ್ಕ ಬರೆಯಬಲ್ಲಳು. ಹುಬ್ಬಳ್ಳಿಯ ಅಂಗಡಿಯ ಲೆಕ್ಕವನ್ನು ಬೇರೆಲ್ಲಿಯೋ ಕುಳಿತವರೂ ಬರೆಯಬಲ್ಲರು. ನಿರ್ವಹಣೆಯ ವಾರ್ಷಿಕ ಒಪ್ಪಂದದಿಂದ ಬದುಕುತ್ತಿದ್ದ ದುರಸ್ತಿಯ ಹುಡುಗನಿಗೆ ಮಾತ್ರ ಬಿಚ್ಚಿ ನೋಡಲು ಹೆಚ್ಚೇನೂ ಉಳಿಯಲಿಲ್ಲ.

ಕಾಣದ ಯಂತ್ರದ ಬಗ್ಗೆ ಜನರ ಮಾತು ಹೊಸ ನುಡಿಗಟ್ಟುಗಳನ್ನು ಹೆತ್ತಿದೆ. ನ್ಯಾಯಬೆಲೆ ಅಂಗಡಿ, ನಾಡಕಚೇರಿ, ಉಪನೋಂದಣಿ ಕಚೇರಿ, ಬ್ಯಾಂಕುಗಳಲ್ಲಿ ದಿನನಿತ್ಯ ಕೇಳಿಬರುವ 'ಸರ್ವರ್ ಇಲ್ರೀ', 'ಸರ್ವರ್ ಹೋಗೇತ್ರಿ', 'ಇನ್ನೂ ಸರ್ವರ್ ಬಂದಿಲ್ಲ' ಎಂಬ ಮಾತುಗಳನ್ನು ಗಮನಿಸಬೇಕು. ಇಲ್ಲಿ ಸರ್ವರ್ ಎಂಬುದು ವಸ್ತುವಲ್ಲ, ಬರುವ ಹೋಗುವ ಒಂದು ಶಕ್ತಿ. ಕರೆಂಟು, ನಳದ ನೀರಿನ ಜೊತೆಗೆ ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೇವರ ಮೈತುಂಬುವಿಕೆಗಾಗಿ ಕಾಯ್ದು ಕುಳಿತ ಭಕ್ತರ ಸಹನೆಯನ್ನು ಪಡಿತರದ ಸಾಲಿನಲ್ಲಿಯೂ ಕಾಣಬಹುದು. ಒಂದು ವ್ಯತ್ಯಾಸವಿದೆ. ಪೂಜಾರಿಯನ್ನು ಪ್ರಶ್ನಿಸಬಹುದು, ಸರ್ವರ್ ಇಲ್ಲವೆಂದ ಗುಮಾಸ್ತನನ್ನು ಪ್ರಶ್ನಿಸಿ ಪ್ರಯೋಜನವಿಲ್ಲ, ಅವನ ಕೈಯಲ್ಲಿಯೂ ಏನೂ ಇಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆ ಜಾಲದ ಮೂಲಕ ಕಳಿಸಿದ ಒಂದು ದೋಷಯುಕ್ತ ಪರಿಷ್ಕರಣೆಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಗಳು ನಿಂತಾಗ ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಕೈಯಿಂದ ಬರೆದು ಕೊಡಲಾಯಿತು. ದಿವಾನಜಿಯ ವಿದ್ಯೆ ಒಂದು ದಿನದ ಮಟ್ಟಿಗೆ ಮರಳಿ ಬಂದಿತ್ತು.

ದಾಖಲೆಯ ಆಯುಷ್ಯ

ಸಂಶೋಧಕರಿಗೂ ಗ್ರಂಥಾಲಯಗಳಿಗೂ ನೇರವಾಗಿ ಸಂಬಂಧಿಸಿದ ಸಮಸ್ಯೆ ಇಲ್ಲಿದೆ. ಮಠ, ಮನೆತನಗಳ ಅಟ್ಟಗಳಲ್ಲಿ ಉಳಿದ ಕಡತಗಳು ಯಾರೂ ಬೇಕೆಂದು ಉಳಿಸಿದವಲ್ಲ. ಬಿಸಾಡುವ ಮನಸ್ಸಾಗದೆ ಉಳಿದವು. ಪೂಜೆಗೊಂಡ ಪುಸ್ತಕವನ್ನು ರದ್ದಿಗೆ ಹಾಕಲು ಕೈ ಬಾರದು. ಆ ಹಿಂಜರಿಕೆಯೇ ಶತಮಾನಗಳ ಕಾಲ ಪತ್ರಾಗಾರದ ಕೆಲಸ ಮಾಡಿದೆ. ಬಾಡಿಗೆಯ ಪುಸ್ತಕಕ್ಕೆ ಈ ರಕ್ಷಣೆಯಿಲ್ಲ. ಬಾಡಿಗೆ ನಿಂತು ಕೆಲ ಕಾಲವಾದ ಮೇಲೆ ಖಾತೆ ಮುಚ್ಚುತ್ತದೆ, ಒಳಗಿದ್ದುದು ಅಳಿಯುತ್ತದೆ. ಪೇಢಿಯು ಮುಚ್ಚಿದ ವರ್ಷವೇ ಅದರ ನೆನಪೂ ಮುಗಿಯುವ ಸಂಭವವಿದೆ.

ಕಾನೂನು ಈ ದಿಸೆಯಲ್ಲಿ ಸ್ವಲ್ಪ ಯೋಚಿಸಿದೆ, ತನ್ನ ಅಗತ್ಯಕ್ಕೆ ತಕ್ಕಷ್ಟು. 2022ರ ಆಗಸ್ಟಿನ ತಿದ್ದುಪಡಿಯ ಪ್ರಕಾರ ಕಂಪನಿಗಳು ವಿದ್ಯುನ್ಮಾನ ಲೆಕ್ಕದ ನಕಲನ್ನು ಪ್ರತಿದಿನವೂ ಭಾರತದಲ್ಲಿರುವ ಸರ್ವರಿನಲ್ಲಿಯೇ ಇರಿಸಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಗುರುತನ್ನೂ ಉಳಿಸಿಕೊಳ್ಳಬೇಕು. ಒರೆಸಿ ಬರೆಯುವ ಕಡತದ ಗುಣಕ್ಕೆ ಇದು ಪೂರ್ತಿ ವಿರುದ್ಧ. ಈ ನಿಯಮಗಳು ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತವೆ. ಹಳೇ ಹುಬ್ಬಳ್ಳಿಯ ಹೆಚ್ಚಿನ ಅಂಗಡಿಗಳು ಒಬ್ಬರ ಅಥವಾ ಅಣ್ಣತಮ್ಮಂದಿರ ಪಾಲುದಾರಿಕೆಯವು. ಕಂಪನಿಗಳಿಗಾದರೂ ಪುಸ್ತಕ ಉಳಿಸುವ ಹೊಣೆ 8 ವರ್ಷಗಳದು. ಸರಕು ಮತ್ತು ಸೇವಾ ತೆರಿಗೆಯ ಲೆಕ್ಕಕ್ಕೆ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ದಿನದಿಂದ 72 ತಿಂಗಳು. ಅಷ್ಟಾದ ಮೇಲೆ ಅಳಿಸಿದರೆ ಕೇಳುವವರಿಲ್ಲ.

ಗ್ರಂಥಾಲಯಗಳು ಈಗ ಮಾಡಬಹುದಾದ ಕೆಲಸವೊಂದಿದೆ. ಬಹುತೇಕ ಲೆಕ್ಕದ ತಂತ್ರಾಂಶಗಳು ವರ್ಷದ ಕೀರ್ದಿ ಹಾಗೂ ಖತಾವಣಿಗಳನ್ನು ಸಾಮಾನ್ಯ ಕೋಷ್ಟಕವಾಗಿ ಹೊರತೆಗೆಯಲು ಅವಕಾಶ ಕೊಡುತ್ತವೆ. ಮುಚ್ಚುತ್ತಿರುವ ಪೇಢಿಗಳಿಂದ, ಗಿರಾಕಿಗಳ ಹೆಸರನ್ನು ಮರೆಮಾಡಿ, ಇಂಥ ಕೋಷ್ಟಕವನ್ನೂ ದಿವಾನಜಿಗಳ, ಸವಾಲು ಕೂಗಿದವರ, ಮೊದಲ ತಲೆಮಾರಿನ ಟ್ಯಾಲಿ ಕಲಿತವರ ಧ್ವನಿಮುದ್ರಣವನ್ನೂ ಜೊತೆಯಾಗಿ ಪಡೆದರೆ ಒಂದು ಪೇಟೆಯ ಲೆಕ್ಕ ಅರ್ಥವಾಗುವ ರೂಪದಲ್ಲಿ ಉಳಿದೀತು. ಕೋಷ್ಟಕ ಮಾತ್ರ ಇದ್ದರೆ ಅಂಕಿಗಳಿರುತ್ತವೆ, ಯಾರಿಗೆ ಏಕೆ ಒಂದು ತಿಂಗಳು ಹೆಚ್ಚು ಕಾಯಲಾಯಿತೆಂಬುದು ಇರುವುದಿಲ್ಲ.

ದೀಪಾವಳಿಯ ಪೂಜೆ ನಿಂತಿಲ್ಲ. ಕೆಲವು ಅಂಗಡಿಗಳಲ್ಲಿ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕುಂಕುಮ ಹಚ್ಚಲಾಗುತ್ತದೆ. ಇನ್ನು ಕೆಲವೆಡೆ ಪೂಜೆಗೆಂದೇ ಒಂದು ಕೆಂಪು ರಟ್ಟಿನ ಪುಸ್ತಕವನ್ನು ತಂದು, ಮೊದಲ ಪುಟದಲ್ಲಿ ಶ್ರೀಕಾರ ಹಾಕಿ, ಮರುದಿನ ಕಪಾಟಿನಲ್ಲಿ ಹಿಂದಿನ ವರ್ಷಗಳ ಪುಸ್ತಕಗಳ ಮೇಲೆ ಇಡಲಾಗುತ್ತದೆ. ಅವುಗಳ ಎರಡನೆಯ ಪುಟದಿಂದ ಮುಂದೆ ಏನೂ ಬರೆದಿರುವುದಿಲ್ಲ.